ಲಿನಕ್ಸ್ ಪ್ರೋಗ್ರಾಂ ಫ್ರೀಬಿಎಸ್‌ಡಿಯಲ್ಲಿ ಎಡವುವುದು ಎಲ್ಲಿ?

(ಕಾರವಾರದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ, ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ. ಕರೆಂಟ್ ಹೋದರೆ ಸ್ಲೈಡ್ ಇಲ್ಲದೇ ಮಾತಾಡುತ್ತೇನೆ.

ಲಿನಕ್ಸಿನಂತೆ ಫ್ರೀಬಿಎಸ್‌ಡಿ ಕೂಡ ಒಂದು ಆಪರೇಟಿಂಗ್ ಸಿಸ್ಟಂ. ಲಿನಕ್ಸಿಗೆಂದು ಕಂಪೈಲ್ ಮಾಡಿದ ಪ್ರೋಗ್ರಾಮನ್ನು ಹಾಗೇ ಫ್ರೀಬಿಎಸ್‌ಡಿಯಲ್ಲಿ ಓಡಿಸಬಹುದು. ಅದಕ್ಕಾಗಿ ಅಲ್ಲಿ ಲಿನಕ್ಸುಲೇಟರ್ ಎಂಬ ಪದರ ಇದೆ. ಇದು ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ನಕಲಿ ಕಂಪ್ಯೂಟರ್ ಅಲ್ಲ. ಪ್ರೋಗ್ರಾಂ ನೇರವಾಗಿ ಸಿಪಿಯು ಮೇಲೇ ಓಡುತ್ತದೆ. ಸಿಸ್ಟಂ ಕಾಲ್ ಮಾಡಿದಾಗ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಹತ್ತಿರ ಏನಾದರೂ ಕೆಲಸ ಕೇಳಿದಾಗ ಮಾತ್ರ ಈ ಪದರ ನಡುವೆ ಬರುತ್ತದೆ.

ಎರಡೂ ಯುನಿಕ್ಸ್ ಮನೆತನದವೇ ಅಲ್ವಾ, ಪೊಸಿಕ್ಸ್ ಎಂಬ ಸಾಮಾನ್ಯ ಮಾನದಂಡ ಬೇರೆ ಇದೆ, ಮತ್ತೇನು ತೊಂದರೆ? ಪೊಸಿಕ್ಸ್ ಹೇಳುವುದು ಸಿ ಫಂಕ್ಷನ್‌ಗಳು ಹೇಗೆ ನಡೆದುಕೊಳ್ಳಬೇಕು ಎಂದು. ಕರ್ನಲ್ ಒಳಗೆ ಒಂದೊಂದು ಕಾಲ್‌ಗೂ ಇರುವ ನಂಬರಿನ ಗೊಡವೆ ಅದಕ್ಕಿಲ್ಲ. 64 ಬಿಟ್ ಇಂಟೆಲ್ ಮಷಿನ್‌ನಲ್ಲಿ ಲಿನಕ್ಸಿನ ರೈಟ್ (ಬರೆ) ಕಾಲ್ ನಂಬರ್ 1. ಫ್ರೀಬಿಎಸ್‌ಡಿಯಲ್ಲಿ ರೈಟ್ 4, ನಂಬರ್ 1 ಎಕ್ಸಿಟ್ (ಪ್ರೋಗ್ರಾಂ ಮುಗಿಸು). ನಡುವೆ ಪದರ ಇಲ್ಲದಿದ್ದರೆ 'ನಮಸ್ಕಾರ' ಎಂದು ಬರೆಯಹೊರಟ ಪ್ರೋಗ್ರಾಂ ತುಟಿ ಬಿಚ್ಚದೇ ಮುಗಿದುಹೋಗುತ್ತದೆ. ಶಿರಸಿಯ ಅಡಿಕೆ ಟೆಂಡರಿನ ಲಾಟ್ ನಂಬರ್ ಹಿಡಿದು ಯಲ್ಲಾಪುರಕ್ಕೆ ಹೋದರೆ ಸಿಗುವುದು ಬೇರೆ ಯಾರದೋ ಅಡಿಕೆ.

ಎರರ್ ನಂಬರುಗಳದ್ದು ಇನ್ನೂ ತಮಾಷೆ. 'ಈಗ ಆಗಲ್ಲ, ಆಮೇಲೆ ಬಾ' ಎನ್ನುವ ಇಅಗೇನ್ ಲಿನಕ್ಸಿನಲ್ಲಿ 11, ಫ್ರೀಬಿಎಸ್‌ಡಿಯಲ್ಲಿ 35. ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾಯುತ್ತಾ ಎಲ್ಲರೂ ನಿಂತುಹೋಗುವುದು) ಆಗುತ್ತದೆ ಎನ್ನುವ ಎರರ್ ಲಿನಕ್ಸಿನಲ್ಲಿ 35, ಫ್ರೀಬಿಎಸ್‌ಡಿಯಲ್ಲಿ 11. ಸರಿಯಾಗಿ ಅದಲು ಬದಲು! ಒಂದೇ ಒಂದು ಕಡೆ ಪದರ ಅನುವಾದ ಮಾಡಲು ಮರೆತರೂ ಸಾಕು, ಸ್ವಲ್ಪ ಕಾಯಬೇಕಾದ ಪ್ರೋಗ್ರಾಂ ಗಾಬರಿಯಾಗಿ ಸಾಯುತ್ತದೆ. ಸಿಗ್ನಲ್‌ಗಳೂ (ಪ್ರೋಗ್ರಾಮಿಗೆ ಕಳಿಸುವ ಸೂಚನೆಗಳು) ಹೀಗೇ: 10 ಅಂದರೆ ಲಿನಕ್ಸಿಗೆ ಪ್ರೋಗ್ರಾಂ ತನಗೆ ಬೇಕಾದ ಅರ್ಥ ಕೊಟ್ಟುಕೊಳ್ಳುವ ಯೂಸರ್ ಸಿಗ್ನಲ್, ಬಿಎಸ್‌ಡಿಗೆ ಮೆಮೊರಿಯನ್ನು ತಪ್ಪಾಗಿ ಮುಟ್ಟಿದಾಗ ಬರುವ ಬಸ್ ಎರರ್.

ಇವೆಲ್ಲ ಪಟ್ಟಿ ನೋಡಿ ಸರಿಮಾಡಬಹುದಾದ ದೋಷಗಳು. ಜಾಸ್ತಿ ಕಾಡುವುದು ಪದರಕ್ಕೆ ಉತ್ತರ ಗೊತ್ತಿಲ್ಲದಿದ್ದಾಗ.

ಗೊತ್ತಿಲ್ಲದ ಕಾಲ್ ಬಂದರೆ ಕರ್ನಲ್ ಇನೋಸಿಸ್ ಎಂಬ ಎರರ್ ಕೊಡಬೇಕು. 'ಇಂಥ ಕಾಲ್ ನನ್ನಲ್ಲಿಲ್ಲ' ಎಂದರ್ಥ. ಜೀಲಿಬ್‌ಸಿಯಂಥ (ಲಿನಕ್ಸಿನ ಮೂಲ ಸಿ ಲೈಬ್ರರಿ) ಲೈಬ್ರರಿಗಳು ಇದನ್ನು ನಂಬಿಕೊಂಡಿವೆ. ಮೊದಲು ಹೊಸ ಕಾಲ್ ಪ್ರಯತ್ನಿಸುತ್ತವೆ, ಇನೋಸಿಸ್ ಬಂದರೆ ಹಳೆಯದಕ್ಕೆ ಇಳಿಯುತ್ತವೆ. 2021ರಲ್ಲಿ ಬಂದ ಜೀಲಿಬ್‌ಸಿ 2.34 ಥ್ರೆಡ್ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಎಳೆ) ಹುಟ್ಟಿಸಲು ಕ್ಲೋನ್3 ಎಂಬ ಹೊಸ ಕಾಲ್ ಬಳಸತೊಡಗಿತು. ಹಳೇ ಡಾಕರ್‌ನ (ಪ್ರೋಗ್ರಾಮುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಸಾಧನ) ಸೆಕಾಂಪ್ ಫಿಲ್ಟರಿಗೆ, ಅಂದರೆ ಯಾವ ಕಾಲ್ ಬಿಡಬೇಕು ಎಂದು ನೋಡುವ ಕಾವಲುಗಾರನಿಗೆ, ಆ ಕಾಲ್ ಪರಿಚಯವಿರಲಿಲ್ಲ. ಅದು ಇನೋಸಿಸ್ ಬದಲು 'ಅನುಮತಿ ಇಲ್ಲ' ಎಂಬ ಎರರ್ ಕೊಟ್ಟಿತು. ಅನುಮತಿ ಇಲ್ಲ ಎಂದಮೇಲೆ ಹಳೇ ದಾರಿ ಹುಡುಕುವ ಪ್ರಶ್ನೆಯೇ ಇಲ್ಲ. ಥ್ರೆಡ್ ಹುಟ್ಟಲಿಲ್ಲ, ಪ್ರೋಗ್ರಾಂ ಬಿತ್ತು. ಗಮನಿಸಿ, ಇಲ್ಲಿ ಎರಡೂ ಕಡೆ ಲಿನಕ್ಸೇ!

ಅದಕ್ಕಿಂತ ಕೆಟ್ಟದ್ದು ಏನೂ ಮಾಡದೇ ಸೊನ್ನೆ ಕೊಟ್ಟು 'ಆಯ್ತು' ಅನ್ನುವುದು. ಡಿಸ್ಕಿಗೆ ಬರೆದಿದ್ದೇನೆ ಎಂದು ಎಫ್‌ಸಿಂಕ್ ಸುಮ್ನೆ ಸುಳ್ಳು ಹೇಳಿದರೆ ಡೇಟಾಬೇಸ್ ನಂಬಿ ಮುಂದೆ ಹೋಗುತ್ತದೆ. ಗೊತ್ತಾಗುವುದು ಕರೆಂಟ್ ಹೋದ ದಿನವೇ. ನನಗಂತೂ ಇನೋಸಿಸ್ ಎಂದು ಮುಖಕ್ಕೆ ಹೇಳುವ ಪದರವೇ ವಾಸಿ.

ಇಂಥ ದೋಷ ಹುಡುಕುವುದು ಹೇಗೆ? ಪ್ರೋಗ್ರಾಂ ಮಾಡಿದ ಕಾಲ್‌ಗಳನ್ನೆಲ್ಲ ಸಾಲುಸಾಲಾಗಿ ತೋರಿಸುವ ಟ್ರೇಸ್ ಸಾಧನಗಳಿವೆ: ಲಿನಕ್ಸಿನಲ್ಲಿ ಎಸ್‌ಟ್ರೇಸ್, ಫ್ರೀಬಿಎಸ್‌ಡಿಯಲ್ಲಿ ಕೆಟ್ರೇಸ್ ಮತ್ತು ಕೆಡಂಪ್. ಒಂದೇ ಪ್ರೋಗ್ರಾಂ, ಒಂದೇ ಇನ್‌ಪುಟ್, ಎರಡು ಕಡೆ ಓಡಿಸಿ. ಪಿಐಡಿ (ಓಡುವ ಪ್ರೋಗ್ರಾಮಿನ ನಂಬರ್), ಮೆಮೊರಿ ವಿಳಾಸ, ಸಮಯ ಇವನ್ನೆಲ್ಲ ಮೊದಲು ಅಳಿಸಿ, ಇಲ್ಲದಿದ್ದರೆ ಪ್ರತಿ ಸಾಲೂ ಬೇರೆ ಕಾಣುತ್ತದೆ. ಕೊನೆಯ ಎರರ್ ಸಂದೇಶ ಹಿಡಿದು ಕೂರಬೇಡಿ, ಅದು ಬರುವ ಹೊತ್ತಿಗೆ ಕೆಡುವುದು ಕೆಟ್ಟು ಆಗಿರುತ್ತದೆ. ಎರಡೂ ಟ್ರೇಸ್ ಮೊದಲು ಬೇರೆಯಾದ ಸಾಲು ನೋಡಿ. ಫೈಲ್ ಸಿಕ್ಕಿದೆ, ಆದರೆ ಒಳಗಿನ ಮಾಹಿತಿ ಬೇರೆ ಅನ್ನಿಸಿದರೆ ಯಾವ ಫೋಲ್ಡರಿನ ಫೈಲ್ ತೆರೆಯಿತು ಎಂದು ಅದರ ಹಾದಿ ಪರೀಕ್ಷಿಸಿ. ಲಿನಕ್ಸುಲೇಟರ್ ಫೈಲನ್ನು ಮೊದಲು ಹುಡುಕುವುದು ತನ್ನದೇ ಲಿನಕ್ಸ್ ಫೋಲ್ಡರಿನಲ್ಲಿ, ಅಲ್ಲಿ ಇಲ್ಲದಿದ್ದರೆ ಮಾತ್ರ ಹೊರಗೆ.

ಅನುಮಾನದ ಕಾಲ್ ಸಿಕ್ಕಮೇಲೆ ಅದೊಂದನ್ನೇ ಮಾಡುವ ಪುಟ್ಟ ಸಿ ಪ್ರೋಗ್ರಾಂ ಬರೆದು ಎರಡೂ ಕಡೆ ಓಡಿಸಿ. ದೂರು ಬರೆಯುವಾಗ ಅದನ್ನೇ ಲಗತ್ತಿಸಿ. ಕರ್ನಲ್ ತಿದ್ದುವವರು ನಿಮ್ಮ ದೊಡ್ಡ ಪ್ರೋಗ್ರಾಂ ಓದುತ್ತಾ ಕೂರುವುದಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ. ಊಟದ ನಂತರ ಲ್ಯಾಬಿನಲ್ಲಿ ಎರಡು ಟ್ರೇಸ್ ಪಕ್ಕಪಕ್ಕ ಇಟ್ಟು ನೋಡೋಣ.