ಸೀಲ್ ಒಡೆಯೋಕೆ ಅಂತಲೇ ಕೊಂಡ ಕಂಪ್ಯೂಟರ್

ಈ ರಟ್ಟಿನ ಡಬ್ಬ ನೋಡಿ. ಇದರೊಳಗೆ ಇರುವುದು ನಾಬು ಕಂಪ್ಯೂಟರ್. 1980ರ ದಶಕದ ಮೊದಲ ವರ್ಷಗಳದ್ದು, ಇನ್ನೂ ಯಾರೂ ತೆರೆದಿಲ್ಲ. ನಾಬು ಕಂಪನಿ ಇದ್ದದ್ದು ನಾನು ವಾಸ ಮಾಡುವ, ಕೆನಡಾದ ಈ ಒಟ್ಟಾವಾದಲ್ಲೇ. ಆದರೆ ಡಬ್ಬ ಬಂದದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನಿಂದ, ಇಬೇ ಅನ್ನುವ ಆನ್‌ಲೈನ್ ಮಾರಾಟ ತಾಣದ ಮೂಲಕ.

ಅಲ್ಲಿ ಒಬ್ಬರು ಇಂಥ ಸುಮಾರು 2,200 ಕಂಪ್ಯೂಟರ್‌ಗಳನ್ನು ಮೂವತ್ತಕ್ಕೂ ಜಾಸ್ತಿ ವರ್ಷ ಒಂದು ಹಳೇ ಕೊಟ್ಟಿಗೆಯಲ್ಲಿ ಪೇರಿಸಿಟ್ಟಿದ್ದರು. ಆ ಭಾರಕ್ಕೆ ಕಟ್ಟಡವೇ ಜಗ್ಗತೊಡಗಿತ್ತು. ಹಾಗಾಗಿ 2022ರ ಕೊನೆಯ ಹೊತ್ತಿಗೆ ಮಾರಾಟಕ್ಕಿಟ್ಟರು. ಶುರುವಿನಲ್ಲಿ ಒಂದರ ಬೆಲೆ ಸುಮಾರು 60 ಡಾಲರ್. ಸುದ್ದಿ ಹಬ್ಬಿದ ಮೇಲೆ ಏರಿತು.

ಇನ್ನೊಂದು ಮಾರಾಟ ಹೇಳುತ್ತೇನೆ. 2023ರ ಜುಲೈನಲ್ಲಿ, ಸೀಲ್ ಒಡೆಯದ 2007ರ 4 ಜಿಬಿ ಐಫೋನ್ ಒಂದು ಹರಾಜಿನಲ್ಲಿ 1,90,000 ಡಾಲರ್‌ಗೂ ಜಾಸ್ತಿಗೆ ಹೋಯಿತು. ಹೊಸದಾಗಿ ಬಂದಾಗ ಅದರ ಬೆಲೆ 499 ಡಾಲರ್. ಅಷ್ಟು ಕೊಟ್ಟವರು ಅದನ್ನು ತೆರೆಯುತ್ತಾರಾ? ತೆರೆದ ಕ್ಷಣಕ್ಕೇ ಬೆಲೆ ಬಿದ್ದುಹೋಗುತ್ತದೆ. ನನಗೆ ಈ ನಾಬು ಮಾರಾಟವೇ ಹೆಚ್ಚು ಇಷ್ಟ. ಯಾಕೆ ಗೊತ್ತಾ? ಕೊಂಡವರು ಡಬ್ಬ ಒಡೆದರು. ಒಡೆದದ್ದಕ್ಕೇ ನಾಬು ಮತ್ತೆ ಬದುಕಿತು.

ಇದರ ಒಳಗೆ ಝೆಡ್80 ಪ್ರೊಸೆಸರ್ ಇದೆ, 64 ಕೆಬಿ ಮೆಮೊರಿ ಇದೆ. ಆದರೆ ಪ್ರೋಗ್ರಾಮ್ ಇಟ್ಟುಕೊಳ್ಳೋಕೆ ಡಿಸ್ಕ್ ಡ್ರೈವ್ ಇಲ್ಲ. ಆಟ, ಸುದ್ದಿ, ಪಾಠ, ಎಲ್ಲ ಬರುತ್ತಿದ್ದದ್ದು ಕೇಬಲ್ ಟಿವಿಯ ತಂತಿಯಲ್ಲಿ! ಕಂಪನಿ ಎಲ್ಲ ಪ್ರೋಗ್ರಾಮ್‌ಗಳನ್ನೂ ಒಂದರ ಹಿಂದೆ ಒಂದು, ಸುತ್ತು ಸುತ್ತಾಗಿ ಕಳಿಸುತ್ತಲೇ ಇರುತ್ತಿತ್ತು. ನಿಮಗೆ ಬೇಕಾದದ್ದು ಹಾದುಹೋಗುವಾಗ, ತಂತಿಗೂ ಕಂಪ್ಯೂಟರಿಗೂ ನಡುವೆ ಇದ್ದ ಅಡಾಪ್ಟರ್ ಅನ್ನುವ ಪೆಟ್ಟಿಗೆ ಅದನ್ನು ಹಿಡಿದು ಕಂಪ್ಯೂಟರಿಗೆ ಕೊಡುತ್ತಿತ್ತು. ವೇಗ ಸೆಕೆಂಡಿಗೆ 6.5 ಮೆಗಾಬಿಟ್. ಒಂದು ಮೆಗಾಬಿಟ್ ಅಂದರೆ ಹತ್ತು ಲಕ್ಷ ಬಿಟ್. ಫೋನ್ ತಂತಿಯಲ್ಲಿ ಮಾಹಿತಿ ಸಾಗಿಸುವ ಮನೆಯ ಮೋಡೆಮ್‌ಗಳು ಸೆಕೆಂಡಿಗೆ 300 ಬಿಟ್‌ನಲ್ಲಿ ತೆವಳುತ್ತಿದ್ದ ಕಾಲ ಅದು.

1986ರ ಹೊತ್ತಿಗೆ ಆ ಸೇವೆ ನಿಂತುಹೋಯಿತು. ಅಲ್ಲಿಗೆ ಇದನ್ನು ಆನ್ ಮಾಡಿದರೂ ಮಾಡೋಕೆ ಏನೂ ಇರಲಿಲ್ಲ. ಆದರೆ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಮ್ಯೂಸಿಯಂ ಇದರ ನೆಟ್‌ವರ್ಕನ್ನು ಮತ್ತೆ ಕಟ್ಟುವ ಕೆಲಸ ಮಾಡಿತ್ತು. ಈ ಡಬ್ಬಗಳು ತುಂಬ ಜನರ ಕೈಗೆ ಸಿಕ್ಕ ಮೇಲಂತೂ ಕೆಲಸ ಜೋರಾಯಿತು. ಡಿಜೆ ಶ್ಯೂರ್ಸ್ ಅನ್ನುವವರು ಬರೆದ ಸಾಫ್ಟ್‌ವೇರ್ ಇದ್ದರೆ ಸಾಕು, ಇವತ್ತಿನ ನಮ್ಮ ಲ್ಯಾಪ್‌ಟಾಪೇ ಆ ಹಳೇ ಅಡಾಪ್ಟರ್‌ನ ಜಾಗದಲ್ಲಿ ಕೂರುತ್ತದೆ. ಹಳೇ ಆಟಗಳೂ ಬಂದವು, ಜನ ಹೊಸದನ್ನೂ ಬರೆದರು. ಒಬ್ಬರ ಗಾಜಿನ ಕಪಾಟಿನಲ್ಲಿ ಸುಮ್ನೆ ಕೂತಿದ್ದರೆ ಇದೆಲ್ಲ ಆಗುತ್ತಿತ್ತಾ?

ನಿಮ್ಮ ಹತ್ತಿರವೂ ಇಂಥ ಹಳೇ ಕಂಪ್ಯೂಟರ್ ಸೀಲ್ ಸಮೇತ ಇದ್ದರೆ, ಮಾರುವ ಮುಂಚೆ ಒಂದು ಮಾತು ನೆನಪಿಡಿ. ಸೀಲ್ ಹಾಗೇ ಇದೆ ಅಂದರೆ ಒಳಗಿನದೆಲ್ಲ ಚೆನ್ನಾಗಿದೆ ಅಂತ ಅಲ್ಲ. ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ತನ್ನು ಕೊಂಚ ಹೊತ್ತು ಹಿಡಿದಿಡುವ ಚಿಕ್ಕ ಭಾಗಗಳು, ಡಬ್ಬದೊಳಗೇ ಒಣಗುತ್ತವೆ, ಕೆಲವು ಸೋರುತ್ತವೆ. ಬ್ಯಾಟರಿ ಇರುವ ಕಂಪ್ಯೂಟರ್ ಆದರೆ ಅದು ಸೋರಿ ಬೋರ್ಡನ್ನೇ ತಿಂದಿರಬಹುದು. "ಕೆಲಸ ಮಾಡುತ್ತದೆ" ಅಂತ ಬರೆಯಬೇಡಿ, "ತೆರೆದು ನೋಡಿಲ್ಲ" ಅಂತ ಬರೆಯಿರಿ. ಕೊಳ್ಳುವವರಿಗೆ ನಿಜ ಗೊತ್ತಿರಬೇಕು, ಅಲ್ವಾ?

ಸರಿ, ಟೇಪ್ ಕತ್ತರಿಸುತ್ತಿದ್ದೇನೆ. ಕರೆಂಟ್ ಈಗಲೇ ಕೊಡಲ್ಲ. ಮೊದಲು ಪವರ್ ಸಪ್ಲೈ ಬಿಚ್ಚಿ, ಅದರ ಕೆಪಾಸಿಟರ್‌ಗಳನ್ನು ಒಂದೊಂದಾಗಿ ನೋಡೋಣ.