ಆ ಹಸಿರು ಯೋಧನದ್ದಲ್ಲ

ಕೇಳುಗರಿಗೆ ನಮಸ್ಕಾರ.

ಹಳೆಯ ಗ್ರೀಕ್ ಯೋಧನ ಚಿತ್ರ ನೋಡಿದ್ದೀರಲ್ವಾ? ಕೆನ್ನೆ, ಮೂಗು ಎಲ್ಲ ಮುಚ್ಚಿ, ಕಣ್ಣಿಗೆ ಎರಡು ಕಿಂಡಿ, ಬಾಯಿಯ ಮುಂದೆ ಉದ್ದಕ್ಕೆ ಒಂದು ಸೀಳು ಬಿಟ್ಟ ಶಿರಸ್ತ್ರಾಣ. ಅದನ್ನು ಕೊರಿಂಥ್ ಮಾದರಿ ಅಂತ ಕರೆಯುತ್ತಾರೆ. ಕ್ರಿಸ್ತಪೂರ್ವ 700ರ ಹೊತ್ತಿಗೆ ಬಳಕೆಗೆ ಬಂದದ್ದು. ಇವತ್ತು ಇದರ ನಕಲುಗಳು ಕಂಚು, ಹಿತ್ತಾಳೆ, ಉಕ್ಕು, ರೆಸಿನ್, ಪ್ಲಾಸ್ಟಿಕ್ ಎಲ್ಲದರಲ್ಲೂ ಸಿಗುತ್ತವೆ. ನಮ್ಮ ಡೆಹ್ರಾಡೂನ್‌ನಲ್ಲೂ ಇಂಥವನ್ನು ಮಾಡಿ ಹೊರದೇಶಗಳಿಗೆ ಕಳಿಸುತ್ತಾರೆ.

ರೆಸಿನ್ ನಕಲುಗಳಿಗೆ ಹೆಚ್ಚಾಗಿ ಹಸಿರು ಬಣ್ಣ ಬಳಿದಿರುತ್ತಾರೆ. ಮ್ಯೂಸಿಯಂನಲ್ಲಿರುವ ಮೂಲಗಳು ಹಸಿರಾಗಿವೆ, ಅದಕ್ಕೆ. ಆದರೆ ಆ ಹಸಿರು ಶತಮಾನಗಟ್ಟಲೆ ಮಣ್ಣಿನಲ್ಲಿ ಬಿದ್ದ ಕಂಚು ಹಿಡಿದ ಕಿಲುಬು. ಯೋಧ ತೊಟ್ಟಾಗ ಅದು ಉಜ್ಜಿದ ಪಾತ್ರೆಯ ಹಾಗೆ ಹೊನ್ನಬಣ್ಣಕ್ಕೆ ಹೊಳೆಯುತ್ತಿತ್ತು. ಆ ಹೊಳಪನ್ನು ನೋಡಬೇಕಾದರೆ ಕಂಚಿನ ನಕಲನ್ನೇ ನೋಡಬೇಕು.

ಕಂಚು ಅಂದಾಗ ಮನೆಯ ಕಂಚಿನ ಬಟ್ಟಲು ನೆನಪಾಗುತ್ತದೆ. ಅದರಲ್ಲಿ ತವರ ಜಾಸ್ತಿ, ನೂರಕ್ಕೆ 20ರ ಮೇಲೆ. ಬಡಿದರೆ ಗಂಟೆಯಂತೆ ಮೊಳಗುತ್ತದೆ, ಕೈಜಾರಿ ಬಿದ್ದರೆ ಸೀಳಿಹೋಗುತ್ತದೆ. ಗ್ರೀಕರ ಶಿರಸ್ತ್ರಾಣದಲ್ಲಿ ತವರ ಸುಮಾರು 10 ಪಾಲು ಮಾತ್ರ, ಉಳಿದದ್ದು ತಾಮ್ರ. ಹಾಗಾಗಿ ಏಟಿಗೆ ತಗ್ಗು ಬಿದ್ದರೂ ಸುಲಭವಾಗಿ ಒಡೆಯುತ್ತಿರಲಿಲ್ಲ.

ಅದನ್ನು ಮಾಡುವ ಕೆಲಸ ಮಾತ್ರ ಬಲು ಕಷ್ಟದ್ದು. ಒಂದೇ ತುಂಡು ಕಂಚನ್ನು ತಟ್ಟಿ ತಟ್ಟಿ ತಲೆಯ ಆಕಾರಕ್ಕೆ ತರಬೇಕು. ತಟ್ಟಿದಷ್ಟೂ ಕಂಚು ಗಡಸಾಗುತ್ತದೆ. ಮತ್ತೆ ಬೆಂಕಿಗೆ ಹಿಡಿದು ಮೆದು ಮಾಡಿ, ಮತ್ತೆ ತಟ್ಟಬೇಕು. ಹಿಂದಲೆಯ ಹತ್ತಿರ ತೆಳು, ಮೂಗಿನ ಪಟ್ಟಿ ಮಾತ್ರ ದಪ್ಪ. ಏಟು ಬೀಳುವುದು ಮುಂದಿನಿಂದ ಅಲ್ವಾ! ಈಗಿನ ಎಷ್ಟೋ ಉಕ್ಕಿನ ನಕಲುಗಳಲ್ಲಿ ಎರಡು ಹೋಳುಗಳನ್ನು ನಡುವೆ ಬೆಸೆದಿರುತ್ತಾರೆ. ಎಲ್ಲ ಕಡೆ ಒಂದೇ ದಪ್ಪ. ನೋಡಲು ಚೆನ್ನ, ಆದರೆ ಆ ಗ್ರೀಕ್ ಕಂಚುಗಾರನ ಲೆಕ್ಕಾಚಾರ ಅದರಲ್ಲಿಲ್ಲ.

ಗ್ರೀಸ್ ದೇಶದ ಒಲಿಂಪಿಯಾದ ಮ್ಯೂಸಿಯಂನಲ್ಲಿ ಒಂದು ಜಜ್ಜಿಹೋದ ಶಿರಸ್ತ್ರಾಣವಿದೆ. ಮಿಲ್ಟಿಯಾಡೀಸ್ ಇದನ್ನು ಜ್ಯೂಸ್ ದೇವರಿಗೆ ಅರ್ಪಿಸಿದ ಅಂತ ಅದರ ಅಂಚಿನಲ್ಲಿ ಕೊರೆದಿದೆ. ಕ್ರಿಸ್ತಪೂರ್ವ 490ರಲ್ಲಿ ಮ್ಯಾರಥಾನ್ ಯುದ್ಧದಲ್ಲಿ ಅಥೆನ್ಸಿನವರನ್ನು ಮುನ್ನಡೆಸಿದವನ ಹೆಸರು ಅದು. ಅಕ್ಷರಗಳ ಸಮೇತ ಅದರ ನಕಲು ಮಾಡುವವರೂ ಇದ್ದಾರೆ. ಅವರ ಬಗ್ಗೆ ನನಗೆ ತುಂಬ ಗೌರವ.

ಇನ್ನೊಂದು ವಿಷಯ, ಲೋಹದ ನಕಲನ್ನು ತೊಟ್ಟರೆ ಮಾತ್ರ ತಿಳಿಯುವಂಥದ್ದು. ಇದರಲ್ಲಿ ಕಿವಿಗೆ ಕಿಂಡಿ ಇಲ್ಲ. ತೊಟ್ಟರೆ ಹೊರಗಿನ ಮಾತು ಮಂಕಾಗಿ, ನಿಮ್ಮ ಉಸಿರೇ ಜೋರಾಗಿ ಕೇಳುತ್ತದೆ. ಕದನ ಇಲ್ಲದ ಹೊತ್ತಿನಲ್ಲಿ ಗ್ರೀಕರು ಇದನ್ನು ಹಣೆಯ ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು. ಅಥೆನ್ಸಿನ ನಾಯಕ ಪೆರಿಕ್ಲೀಸ್‌ನ ಶಿಲ್ಪದಲ್ಲಿ ಅದು ಹಾಗೆಯೇ ಕೂತಿದೆ. ಮುಂದೆ ಬಂದ ಕಾಲ್ಕಿಡಿಯನ್ ಮಾದರಿಯಲ್ಲಿ ಲೋಹವನ್ನು ಕತ್ತರಿಸಿ ಕಿವಿಗೆ ಜಾಗ ಬಿಟ್ಟರು.

ನಮಸ್ಕಾರ.