ಮಿರ್ಜಾನ್ ಕೋಟೆಯನ್ನು ಒಂದು ಲೆವೆಲ್ ಮಾಡಿದರೆ ಹೇಗೆ?

ನಮಸ್ಕಾರ, ಕುಮಟಾದಿಂದ. ಹಿಂದೆ ಕೇಳುತ್ತಿರುವುದು ಮಳೆ. ಕಿಟಕಿ ಹಾಕಿದರೂ ಸದ್ದು ಬರುತ್ತದೆ, ಹಾಗಾಗಿ ಅದೂ ಇರಲಿ. ಲೆವೆಲ್ ಅಂದರೆ ಕಂಪ್ಯೂಟರ್ ಆಟದಲ್ಲಿ ಆಟಗಾರ ಓಡಾಡಿ ಹೊಡೆದಾಡುವ ಒಂದು ಜಾಗ. ನಮ್ಮ ಮಿರ್ಜಾನ್ ಕೋಟೆ ಥರದ್ದೊಂದನ್ನು ನಾನು ಕಟ್ಟುತ್ತಿದ್ದೇನೆ. ಅದಕ್ಕೆ ಮೊದಲು, ಆ ಆಸೆ ಹುಟ್ಟಿಸಿದ ಆಟಗಳನ್ನು ನೋಡೋಣ.

ಸ್ಕ್ರೀನ್ ಮೇಲೆ ಓಡುತ್ತಿರುವ ಆಟ ಡಸ್ಕ್. ಮೊದಲ ಸಲ ನೋಡಿದವರು ಇದು ತೊಂಬತ್ತರ ದಶಕದ ಆಟ ಅಂತಲೇ ಹೇಳುತ್ತಾರೆ. ಗೋಡೆ ಹತ್ತಿರ ಹೋದರೆ ಬಣ್ಣದ ಚೌಕಗಳು. ಎದುರಿಗೆ ಬರುವವನ ಮೈ ಕೈ ಎಲ್ಲ ಮೂಲೆ ಮೂಲೆ, ಅರ್ಧ ಕೆತ್ತಿ ಬಿಟ್ಟ ಮರದ ಗೊಂಬೆ ಹಾಗೆ. ಆದರೆ ಡಸ್ಕ್ ಬಂದಿದ್ದು 2018ರ ಡಿಸೆಂಬರ್ 10ರಂದು. ಅದಕ್ಕೆ ಸರಿಯಾಗಿ 25 ವರ್ಷ ಮೊದಲು, 1993ರ ಡಿಸೆಂಬರ್ 10ರಂದು, ಡೂಮ್ ಬಂದಿತ್ತು. ಬಂದೂಕು ಹಿಡಿದ ಕೈ ಮಾತ್ರ ಕಾಣುವ ಆಟಗಳನ್ನು ಮನೆಮನೆಗೆ ಮುಟ್ಟಿಸಿದ್ದು ಡೂಮ್. ಆ ದಿನಾಂಕ ನೋಡಿದರೆ ಸಾಕು, ಡಸ್ಕ್ ಯಾರಿಗೆ ನಮಸ್ಕಾರ ಹೇಳುತ್ತಿದೆ ಅಂತ ಗೊತ್ತಾಗುತ್ತದೆ.

ಈಗ ಆಟ ಶುರುವಾಗುವ ಜಾಗ ನೋಡಿ. ಕತ್ತಲೆ ನೆಲಮಾಳಿಗೆ. ಮಾಂಸ ನೇತು ಹಾಕುವ ಕೊಕ್ಕೆ. ನಮ್ಮ ಎರಡು ಕೈಯಲ್ಲಿ ಎರಡು ಕುಡುಗೋಲು. ಎದುರಿಗೆ ಮೂವರು, ಅವರ ಕೈಯಲ್ಲಿ ಮರ ಕೊಯ್ಯುವ ಮಿಷನ್. ಶಿರಸಿ, ಸಿದ್ದಾಪುರ ಕಡೆಯವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಸ್ವಲ್ಪ ಹೊತ್ತಿಗೆ ಕೇಳುವುದೇ ಅದು. ಹೆಡ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಕೇಳಿದರೆ ಮೈ ಜುಮ್ ಅನ್ನುತ್ತದೆ. ಕಥೆ ಹೇಳುವವರಿಲ್ಲ, ಪಾಠ ಮಾಡುವವರಿಲ್ಲ. ಓಡು, ಅಷ್ಟೇ.

ಓಟವೇ ಇಲ್ಲಿ ಗುರಾಣಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2001ರಲ್ಲಿ ಹೇಲೋ ಅಂತ ಒಂದು ಬಂದೂಕಿನ ಆಟ ಬಂತು. ಏಟು ತಿಂದರೆ ಎಲ್ಲಾದರೂ ಮರೆಯಲ್ಲಿ ನಿಲ್ಲು, ಕವಚ ತಾನಾಗಿ ತುಂಬಿಕೊಳ್ಳುತ್ತದೆ. ಆಮೇಲೆ ಬಂದ ಎಷ್ಟೋ ಆಟಗಳು ಅದನ್ನೇ ಹಿಡಿದವು. ಗೋಡೆಗೆ ಆತುಕೊಂಡು ಕುಳಿತು, ತಲೆ ಎತ್ತಿ ಎರಡು ಗುಂಡು, ಮತ್ತೆ ಕುಳಿತುಕೊಳ್ಳುವುದು. ಡಸ್ಕ್‌ನಲ್ಲಿ ಹಾಗೆ ಕುಳಿತರೆ ಏನೂ ಸಿಗುವುದಿಲ್ಲ. ಜೀವ ಬೇಕಾದರೆ ಎದ್ದು ಹೋಗಿ ಹುಡುಕಬೇಕು. ಶತ್ರು ಎಸೆದದ್ದು ಕಣ್ಣಿಗೆ ಕಾಣುವ ವೇಗದಲ್ಲಿ ಬರುತ್ತದೆ, ಪಕ್ಕಕ್ಕೆ ಸರಿದರೆ ತಪ್ಪಿಸಿಕೊಳ್ಳಬಹುದು. ಸರಿಯುವ ಜಾಗ ಚೆನ್ನಾಗಿ ಆರಿಸಿದರೆ ಒಬ್ಬನ ಏಟು ಇನ್ನೊಬ್ಬನಿಗೆ ಬೀಳುತ್ತದೆ, ಅವರವರೇ ಹೊಡೆದಾಡಿಕೊಳ್ಳುತ್ತಾರೆ. ಡೂಮ್‌ನಲ್ಲೂ ಹೀಗೇ ಇತ್ತು. ಗುಂಡು ತುಂಬಿಸುವ ಕೆಲಸವೂ ಇಲ್ಲ. ಅಭ್ಯಾಸಬಲದಿಂದ ಆ ಬಟನ್ ಒತ್ತಿದರೆ ಬಂದೂಕು ಬೆರಳಲ್ಲಿ ಗಿರ್ರನೆ ತಿರುಗುತ್ತದೆ, ಅಷ್ಟೇ.

ಆ್ಯಂಡ್ರ್ಯೂ ಹಲ್ಶಲ್ಟ್ ಮಾಡಿದ ಸಂಗೀತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಿಟಾರ್ ಶುರುವಾದಾಗ ನಾನು ಮಾತು ನಿಲ್ಲಿಸುತ್ತೇನೆ, ನೀವೇ ಕೇಳಿ.

ಕಾರವಾರದ ನನ್ನ ಗೆಳೆಯ ಇದನ್ನು ನೋಡಿ ಕೇಳಿದ: "ಎಂತ ಮಾರಾಯಾ, ದುಡ್ಡು ಕೊಟ್ಟು ಇಷ್ಟು ಹಳೇ ಚಿತ್ರ ನೋಡುದಾ?" ಕೇಳಬೇಕಾದ ಪ್ರಶ್ನೆಯೇ. ಡೂಮ್ ಚಿತ್ರ ಬಿಡಿಸುತ್ತಿದ್ದದ್ದು 320 ಅಡ್ಡ, 200 ಉದ್ದದ ಚುಕ್ಕಿಗಳಲ್ಲಿ. ಆಗಿನ ಕಂಪ್ಯೂಟರ್‌ಗೆ ಅಷ್ಟೇ ಶಕ್ತಿ. ಈಗ ಹಾಗೆ ಮಾಡಬೇಕಾದ ಗರಜಿಲ್ಲ, ಬೇಕು ಅಂತಲೇ ಮಾಡುತ್ತಾರೆ. ಯಾಕೆ ಅಂದರೆ, ಈ ವೇಗದಲ್ಲಿ ಓಡುವಾಗ ಕಣ್ಣಿಗೆ ಒಂದು ನೋಟದಷ್ಟೇ ಸಮಯ. ಅಷ್ಟರಲ್ಲಿ ಎದುರಿಗಿರುವುದು ಯಾರು, ಎಷ್ಟು ದೂರ ಅಂತ ತಿಳಿಯಬೇಕು. ಎಲೆ ಎಲೆಯೂ ಅಲ್ಲಾಡುವ, ನೆರಳು ಮೇಲೆ ನೆರಳು ಬೀಳುವ ಚಿತ್ರದಲ್ಲಿ ಅದು ಕಷ್ಟ. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು ಅನಿಸುತ್ತದೆ. ಡಸ್ಕ್‌ನ ಬಹುಪಾಲು ಕೆಲಸ ಮಾಡಿದ್ದು ಡೇವಿಡ್ ಸಿಮಾನ್ಸ್ಕಿ ಎಂಬ ಒಬ್ಬ ಮನುಷ್ಯ. ಗೊಂಬೆಯ ಮೂಗು ಕೆತ್ತುತ್ತಾ ಕೂರುವ ಬದಲು ಆತ ತನ್ನ ಸಮಯವನ್ನು ಜಾಗ ಕಟ್ಟುವುದಕ್ಕೆ ಕೊಟ್ಟ.

ಹಳೇ ಬಣ್ಣ ಬಳಿದ ಮಾತ್ರಕ್ಕೆ ಎಲ್ಲವೂ ಒಳ್ಳೆ ಆಟ ಆಗುವುದಿಲ್ಲ, ಅದೂ ನಿಜ. ಉದ್ದಕ್ಕೆ ಒಂದು ಓಣಿ, ಕೊನೆಗೊಂದು ಬಾಗಿಲು, ಮತ್ತೆ ಓಣಿ. ಅಂಥವೂ ಬೇಕಾದಷ್ಟಿವೆ, ಅರ್ಧಕ್ಕೇ ಬೇಜಾರಾಗುತ್ತದೆ. 2019ರ ಅಯಾನ್ ಫ್ಯೂರಿ ಹಾಗಲ್ಲ. 1996ರ ಡ್ಯೂಕ್ ನ್ಯೂಕೆಮ್ 3ಡಿ ಆಟ ನಡೆದದ್ದು ಬಿಲ್ಡ್ ಎಂಜಿನ್ ಮೇಲೆ, ಎಂಜಿನ್ ಅಂದರೆ ಆಟವನ್ನು ಓಡಿಸುವ ಮೂಲ ಸಾಫ್ಟ್‌ವೇರ್. ಅಯಾನ್ ಫ್ಯೂರಿ ನಡೆಯುವುದೂ ಅದರ ಮೇಲೇ. ಈ ಆಟದ ಬೀದಿಗಳಲ್ಲಿ ತಿರುಗಾಡುವುದೇ ಒಂದು ಖುಷಿ.

ಒಳ್ಳೆಯ ಲೆವೆಲ್ ಹೇಗಿರುತ್ತದೆ ಅಂದರೆ, ಮೊದಲು ನಿಮಗೆ ಕೆಂಪು ಬಾಗಿಲು ಕಾಣುತ್ತದೆ. ಬೀಗ. ಕೀ ಎಲ್ಲಿದೆ ಗೊತ್ತಿಲ್ಲ. ಎಲ್ಲಿ ಹೋಗಬೇಕು ಅಂತ ತೋರಿಸುವ ಬಾಣವೂ ಇಲ್ಲ. ತಿರುಗುತ್ತೀರಿ, ಮೇಲೆ ಹತ್ತುತ್ತೀರಿ, ಕಿಂಡಿಯಿಂದ ಕೆಳಗೆ ನೋಡುತ್ತೀರಿ: ಅಯ್ಯೋ, ಇದು ಆಗ ಬಂದ ಅಂಗಳವೇ ಅಲ್ವಾ! ಕೀ ಎತ್ತಿಕೊಂಡ ಕೂಡಲೇ ಪಕ್ಕದ ಗೋಡೆ ತೆರೆದು ನಾಲ್ಕು ಜನ ನುಗ್ಗುತ್ತಾರೆ. ಅಲ್ಲಿಂದ ಕೆಳಗೆ ಹಾರಿದರೆ ಮತ್ತೆ ಅದೇ ಕೆಂಪು ಬಾಗಿಲ ಮುಂದೆ. ಅಷ್ಟು ಹೊತ್ತಿಗೆ ಆ ಜಾಗ ಇಡೀ ತಲೆಯಲ್ಲಿ ಕುಳಿತಿರುತ್ತದೆ. ಗೋಡೆಯ ಒಂದು ಕಲ್ಲಿನ ಬಣ್ಣ ಚೂರು ಬೇರೆ ಇದ್ದರೂ ಕಣ್ಣಿಗೆ ಬೀಳುತ್ತದೆ. ಅದರ ಹಿಂದೆ ಗುಟ್ಟಿನ ಕೋಣೆ. ಡಸ್ಕ್‌ನ ಕೆಲವು ಗುಟ್ಟಿನ ಜಾಗಗಳಲ್ಲಿ ಒಂದು ಸೋಪು ಸಿಗುತ್ತದೆ. ಅದನ್ನು ಎಸೆದರೆ ತಾಗಿದವನು ಒಂದೇ ಏಟಿಗೆ ಸಾಯುತ್ತಾನೆ!

ಈ ಆಟಗಳನ್ನು ಆಡಿ ಆಡಿ ಮಿರ್ಜಾನ್ ಕೋಟೆಗೆ ಹೋದರೆ ಕೋಟೆ ಬೇರೆ ಥರ ಕಾಣುತ್ತದೆ. ಈ ಶಾಟ್‌ಗಳು ಅಲ್ಲಿಯವು. ಕುಮಟಾದಿಂದ ಸುಮಾರು 11 ಕಿಲೋಮೀಟರ್, ಅಘನಾಶಿನಿ ನದಿ ಹತ್ತಿರ. 16ನೇ ಶತಮಾನದಲ್ಲಿ ಇಲ್ಲಿ ಆಳಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆಯುತ್ತಿದ್ದರು. ಪೂರ್ತಿ ಚಿರೆಕಲ್ಲು. ಮಳೆಗಾಲದಲ್ಲಿ ಗೋಡೆಗಳ ಮೇಲೆಲ್ಲ ಪಾಚಿ ಹತ್ತಿ ಹಸಿರಾಗುತ್ತದೆ. ಎರಡು ಸುತ್ತಿನ ಗೋಡೆ, ಬುರುಜು, ಕಂದಕ, ಒಳಗೆ ಬಾವಿಗಳು. ಕೆಳಗೆ ನಿಂತವನಿಗೆ ಮುಂದೇನಿದೆ ಅಂತ ಕಾಣುವುದಿಲ್ಲ, ಮೇಲೆ ನಿಂತವನಿಗೆ ಎಲ್ಲ ಕಾಣುತ್ತದೆ. ಶತ್ರುವನ್ನು ಗಲಿಬಿಲಿ ಮಾಡುವುದಕ್ಕೇ ಕಟ್ಟಿದ ಜಾಗ. ಲೆವೆಲ್ ಕಟ್ಟುವವರು ತಲೆ ಕೆಡಿಸಿಕೊಳ್ಳುವುದೂ ಇದಕ್ಕೇ.

ಹಾಗಾಗಿ ನಾನು ಕ್ವೇಕ್ ಆಟಕ್ಕೆ, ಅಂದರೆ ಡೂಮ್ ಮಾಡಿದವರೇ 1996ರಲ್ಲಿ ತಂದ ಆಟಕ್ಕೆ, ಮಿರ್ಜಾನ್ ಥರದ ಒಂದು ಲೆವೆಲ್ ಕಟ್ಟುತ್ತಿದ್ದೇನೆ. ಟ್ರೆಂಚ್‌ಬ್ರೂಮ್ ಅಂತ ಒಂದು ಎಡಿಟರ್, ಅಂದರೆ ಲೆವೆಲ್ ಕಟ್ಟುವ ಸಾಫ್ಟ್‌ವೇರ್ ಇದೆ, ಪುಕ್ಕಟೆ. ಪೆಟ್ಟಿಗೆ ಎಳೆದು, ಮೂಲೆ ಕತ್ತರಿಸಿ, ಗೋಡೆ ಎಬ್ಬಿಸುತ್ತಾ ಹೋಗುವುದು. ಕ್ವೇಕ್ ಲೆಕ್ಕದಲ್ಲಿ ಆಟಗಾರನ ಎತ್ತರ 56 ಯೂನಿಟ್. ಮೆಟ್ಟಿಲು 18 ಯೂನಿಟ್ ದಾಟಿದರೆ ಅವನು ನಡೆದು ಹತ್ತಲಾರ, ಹಾರಬೇಕು. ಬುರುಜಿನ ಮೆಟ್ಟಿಲುಗಳನ್ನು ಅದಕ್ಕೇ 16ಕ್ಕೆ ಇಟ್ಟಿದ್ದೇನೆ, ಓಟಕ್ಕೆ ತಡೆ ಆಗಬಾರದು.

ಚಿರೆಕಲ್ಲಿನ ಚಿತ್ರಕ್ಕೆ ಕೋಟೆ ಗೋಡೆಯದ್ದೇ ಫೋಟೋ ತೆಗೆದೆ. ಅದನ್ನು 64ಕ್ಕೆ 64 ಚುಕ್ಕಿಗೆ ಇಳಿಸಿ, ಕ್ವೇಕ್‌ನ 256 ಬಣ್ಣಗಳಲ್ಲಿ ಕೂರಿಸಬೇಕು. ನೋಡಿ, ಇಳಿಸಿದ ಮೇಲೂ ಕಲ್ಲಿನ ತೂತುಗಳು ಉಳಿದಿವೆ, ಒಂದೊಂದು ತೂತು ಎರಡೋ ಮೂರೋ ಕಪ್ಪು ಚುಕ್ಕಿ. ಕ್ವೇಕ್‌ನಲ್ಲಿ ಕಂದು ಬಣ್ಣ ಧಾರಾಳ, ಚಿರೆಕಲ್ಲು ಚೆನ್ನಾಗಿ ಕೂತಿತು. ಪಾಚಿಯ ಎಳೆ ಹಸಿರು ಮಾತ್ರ ಆ ಬಣ್ಣಗಳಲ್ಲಿ ಇಲ್ಲ. ಮಂಕು ಹಸಿರಲ್ಲೇ ಚುಕ್ಕಿ ಚುಕ್ಕಿ ಇಟ್ಟು ಮಾಡುತ್ತಿದ್ದೇನೆ. ಕೋಟೆಯಲ್ಲಿರುವ ದೇವರ ಕಲ್ಲುಗಳನ್ನು ಲೆವೆಲ್‌ನಲ್ಲಿ ಹಾಕಿಲ್ಲ. ಅಲ್ಲಿ ಗುಂಡು ಹಾರಿಸುವುದು ನನಗೆ ಸರಿ ಕಾಣಲಿಲ್ಲ.

ಮೊದಲು ಆಡಿಸಿದ್ದು ತಂಗಿಯನ್ನು. ಕಾಲೇಜು ಓದುವವಳು, ಇಂಥ ಆಟ ಆಡಿದವಳಲ್ಲ. ನಾನು ಬಾಯಿ ಬಿಡಲಿಲ್ಲ. ಬುರುಜಿನ ಮೇಲೆ ಕೀ ಸಿಕ್ಕಿದ ಕೂಡಲೇ ತಿರುಗಿ ಕೇಳಿದಳು: "ಅಣ್ಣಾ, ಬಾವಿ ಹತ್ತಿರ ಒಂದು ಬಾಗಿಲು ಇತ್ತಲ್ಲ, ಅದರದ್ದಾ ಇದು?" ಅದರದ್ದೇ! ಬಾಣ ಇಲ್ಲ, ನಕ್ಷೆ ಇಲ್ಲ, ಆದರೂ ಅವಳಿಗೆ ದಾರಿ ನೆನಪಿತ್ತು. ಅವತ್ತು ನನಗಾದ ಸಂತೋಷ ಯಾವ ಆಟ ಗೆದ್ದಾಗಲೂ ಆಗಿಲ್ಲ.

ಇದೆಲ್ಲ ನಡೆಯುತ್ತಿರುವುದು ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾದಾ ಲ್ಯಾಪ್‌ಟಾಪಿನಲ್ಲಿ. ಅದೇ ನನಗೆ ಮುಖ್ಯ. ಅಂಕೋಲಾದಲ್ಲೋ ಯಲ್ಲಾಪುರದಲ್ಲೋ ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗ ಹುಡುಗಿಯರು ಇದನ್ನು ಆಡಬಹುದು, ಕಟ್ಟಲೂಬಹುದು. ರಕ್ತ ಮಾತ್ರ ಜಾಸ್ತಿ ಇದೆ, ಡಸ್ಕ್ ಚಿಕ್ಕ ಮಕ್ಕಳಿಗಲ್ಲ. ವೇಗಕ್ಕೆ ತಲೆ ತಿರುಗುವವರು ಸೆಟ್ಟಿಂಗ್ಸ್‌ನಲ್ಲಿ ನೋಟದ ಅಗಲ ಸ್ವಲ್ಪ ಹೆಚ್ಚಿಸಿ, ನಡೆಯುವಾಗ ಚಿತ್ರ ಅಲ್ಲಾಡುವುದನ್ನು ನಿಲ್ಲಿಸಿ ನೋಡಿ.

ಸದ್ಯಕ್ಕೆ ಕಂದಕ ಮತ್ತು ಎರಡು ಬುರುಜು ಮುಗಿದಿವೆ. ಬಾವಿಯೊಳಗಿಂದ ಹೋಗುವ ಗುಟ್ಟಿನ ದಾರಿ ಬಾಕಿ. ಮಿರ್ಜಾನ್ ಹತ್ತಿರದವರು ಯಾರಾದರೂ ಬಾವಿಯ ಒಳಗೋಡೆಯ ಫೋಟೋ ತೆಗೆದಿದ್ದರೆ ಕಳುಹಿಸಿ. ಬಿಸಿಲಲ್ಲಿ ತೆಗೆದದ್ದಾದರೆ ಇನ್ನೂ ಒಳ್ಳೆಯದು, ನನ್ನ ಹತ್ತಿರ ಇರುವುದೆಲ್ಲ ಮಳೆಯವೇ.